ಮೇಲಿನ ಬಾಗಿಲು ಮುಚ್ಚಿದ್ದರೆ ಕೆಳಗಿನ ಮೈದಾನಕ್ಕೆ ಏನಾಗುತ್ತದೆ?

ಪ್ರಶ್ನೆ: ನಾವು ಟೆಕ್ಸಸ್‌ನ ಪ್ಲೇನೋದಲ್ಲಿದ್ದೇವೆ. ಮಗನಿಗೆ 11 ವರ್ಷ, ಮಗಳಿಗೆ 8. ಇಬ್ಬರೂ ಸಾಕರ್ ಆಡುತ್ತಾರೆ. ಮಗನ ಕ್ಲಬ್ ಶುಲ್ಕ, ಯೂನಿಫಾರ್ಮ್, ಟೂರ್ನಿಗಳ ಓಡಾಟ, ಹೋಟೆಲ್ ಎಲ್ಲ ಸೇರಿದರೆ ವರ್ಷಕ್ಕೆ 4,000 ಡಾಲರ್ ದಾಟುತ್ತಿದೆ. ನಾನು ಹಾಸನದ ಶಾಲೆ ಮೈದಾನದಲ್ಲಿ ಒಂದು ಪೈಸೆ ಕೊಡದೆ ಆಡಿ ಬೆಳೆದವನು. "ಯುರೋಪಿನ ಹಾಗೆ ಇಲ್ಲಿ ಪ್ರಮೋಷನ್, ರೆಲಿಗೇಷನ್ ಇಲ್ಲ, ಅಂದರೆ ಗೆದ್ದ ತಂಡ ಮೇಲಿನ ಲೀಗ್‌ಗೆ ಏರುವುದು, ಸೋತದ್ದು ಕೆಳಗೆ ಇಳಿಯುವುದು ಇಲ್ಲ. ಅದಕ್ಕೇ ಹೀಗೆ" ಎನ್ನುತ್ತಾರೆ ನನ್ನ ಸಹೋದ್ಯೋಗಿಯೊಬ್ಬರು. ಮೇಲಿನ ಲೀಗ್ ಹೇಗಿದ್ದರೆ 11 ವರ್ಷದ ಹುಡುಗನಿಗೇನು? ನಿಜವಾಗಿಯೂ ಸಂಬಂಧ ಇದೆಯೇ?

ಉತ್ತರ: ಸಂಬಂಧ ಇದೆ. ಆದರೆ ನಿಮ್ಮ ಸಹೋದ್ಯೋಗಿ ಹೇಳುವಷ್ಟು ನೇರವಾಗಿಲ್ಲ. ಮಧ್ಯದಲ್ಲಿ ದುಡ್ಡಿನ ಲೆಕ್ಕವೊಂದು ಕೂತಿದೆ. ಅದನ್ನು ಬಿಡಿಸಿ ಹೇಳುತ್ತೇನೆ.

ನಾನು ಅಮೆರಿಕದಲ್ಲಿ ಮಕ್ಕಳ ತಂಡಗಳಿಗೆ ಕೋಚ್ ಆಗಿ 18 ವರ್ಷವಾಯಿತು. ಮೊದಮೊದಲು ಕೆಲಸ ಮಾಡಿದ ಒಂದು ಕ್ಲಬ್‌ನಲ್ಲಿ 12 ವರ್ಷದ ಒಬ್ಬ ಹುಡುಗನಿದ್ದ. ಎಡಗಾಲಿನ ಆಟಗಾರ. ಚೆಂಡು ತನ್ನ ಕಡೆ ಬರುವ ಮೊದಲೇ ಒಮ್ಮೆ ಹಿಂದೆ ತಿರುಗಿ ನೋಡಿಕೊಳ್ಳುತ್ತಿದ್ದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೀಸನ್ ಮುಗಿದ ದಿನ ಪಾರ್ಕಿಂಗ್ ಜಾಗದಲ್ಲಿ ಅವನ ತಾಯಿ ನನ್ನ ಹತ್ತಿರ ಬಂದರು. ಹೋಟೆಲೊಂದರಲ್ಲಿ ರೂಮು ಕ್ಲೀನ್ ಮಾಡುವ ಕೆಲಸ ಅವರದು. ಮುಂದಿನ ವರ್ಷದ ಶುಲ್ಕವನ್ನು ತಿಂಗಳು ತಿಂಗಳು ಕಟ್ಟಬಹುದಾ ಎಂದು ಕೇಳಿದರು. ಕೈಯಲ್ಲಿ ನಾಲ್ಕಾಗಿ ಮಡಚಿದ ಫಾರಂ ಇತ್ತು, ಅರ್ಧ ತುಂಬಿದ್ದು. ನಾನು ಆಫೀಸಿನಲ್ಲಿ ವಿಚಾರಿಸಿದೆ. ಆಗುವುದಿಲ್ಲ ಎಂದರು. ಮುಂದಿನ ಸೀಸನ್‌ಗೆ ಹುಡುಗ ಬರಲಿಲ್ಲ. ಎರಡು ವರ್ಷದ ಮೇಲೆ ಒಂದು ಭಾನುವಾರ ಊರಾಚೆಯ ಪಾರ್ಕಿನಲ್ಲಿ ಕಣ್ಣಿಗೆ ಬಿದ್ದ. ಮಾವಂದಿರ ಜೊತೆ ದೊಡ್ಡವರ ಲೀಗ್‌ನಲ್ಲಿ ಆಡುತ್ತಿದ್ದ. ಚೆಂಡು ಬರುವ ಮೊದಲು ಹಿಂದೆ ತಿರುಗಿ ನೋಡುವ ಅಭ್ಯಾಸ ಹಾಗೇ ಇತ್ತು. ನೋಡಿ ಗುರುತಿಸುವವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ.

ಆ ಕ್ಲಬ್ಬಿನ ಮೇಲೆ ನನಗೆ ತುಂಬಾ ದಿನ ಸಿಟ್ಟಿತ್ತು. ಆಮೇಲೆ ಬೇರೆ ಕ್ಲಬ್‌ಗಳ ಖರ್ಚು ವೆಚ್ಚ ಹತ್ತಿರದಿಂದ ನೋಡಿದೆ. ಮೈದಾನದ ಬಾಡಿಗೆ, ರೆಫ್ರಿಗಳ ದುಡ್ಡು, ಕೋಚ್‌ಗಳ ಸಂಬಳ, ಇನ್ಶೂರೆನ್ಸ್, ರಾತ್ರಿ ದೀಪದ ಬಿಲ್. ಹೋಗುವ ದಾರಿ ಹತ್ತು. ಬರುವ ದಾರಿ ಒಂದೇ, ಅಪ್ಪ ಅಮ್ಮಂದಿರ ಜೇಬು. ಮೇಲಿನ ಲೀಗ್‌ನ ರಚನೆಗೂ ನಿಮ್ಮ 4,000 ಡಾಲರ್‌ಗೂ ಇರುವ ನಂಟು ಇಲ್ಲೇ ಇದೆ.

ಬೇರೆ ಎಷ್ಟೋ ದೇಶಗಳಲ್ಲಿ ಸಣ್ಣ ಊರಿನ ಕ್ಲಬ್‌ಗೆ ಇನ್ನೂ ಎರಡು ದಾರಿಗಳಿವೆ. ಒಂದು, ತಾನು ಬೆಳೆಸಿದ ಹುಡುಗ ಮುಂದೆ ದೊಡ್ಡ ಕ್ಲಬ್‌ಗೆ ಮಾರಾಟವಾದರೆ ಅದರಲ್ಲಿ ಪಾಲು. ಇನ್ನೊಂದು, ತನ್ನ ಹಿರಿಯರ ತಂಡ ಗೆಲ್ಲುತ್ತ ಹೋದರೆ ಮೇಲಿನ ಡಿವಿಷನ್‌ಗೆ ಬಡ್ತಿ, ಅದರ ಜೊತೆಗೆ ಬರುವ ಪ್ರೇಕ್ಷಕರು, ಪ್ರಾಯೋಜಕರು, ಟಿವಿ ಹಣ. ಹೀಗಿದ್ದಾಗ ಬಡವರ ಮನೆಯ ಚುರುಕು ಹುಡುಗ ಕ್ಲಬ್‌ಗೆ ಖರ್ಚಲ್ಲ, ಆಸ್ತಿ. ಅಮೆರಿಕದಲ್ಲಿ ಈ ಎರಡೂ ದಾರಿಗಳು ಬಹುಕಾಲ ಮುಚ್ಚಿಯೇ ಇದ್ದವು. ಹಾಗಾಗಿ ಅದೇ ಹುಡುಗ ಇಲ್ಲಿ ಬಾಕಿ ಉಳಿಸಿಕೊಂಡ ಗಿರಾಕಿಯಾಗಿಬಿಡುತ್ತಾನೆ. ಇದು ನನಗೆ ಈಗಲೂ ನೋವು ಕೊಡುವ ಸಂಗತಿ.

ಇಲ್ಲಿನ ಪುರುಷರ ಮೇಲಿನ ಲೀಗ್ ಆದ ಮೇಜರ್ ಲೀಗ್ ಸಾಕರ್, ಅಂದರೆ ಎಂಎಲ್‌ಎಸ್, ಹೀಗೇಕೆ ಹುಟ್ಟಿತು ಎಂಬುದಕ್ಕೂ ಕಾರಣವಿದೆ. ಅದನ್ನು ಮರೆತು ಬೈಯುವುದು ನ್ಯಾಯವಲ್ಲ. 1968ರಿಂದ 1984ರವರೆಗೆ ಇಲ್ಲಿ ನಾರ್ತ್ ಅಮೆರಿಕನ್ ಸಾಕರ್ ಲೀಗ್ ಇತ್ತು. 1975ರಲ್ಲಿ ಪೆಲೆ ನ್ಯೂಯಾರ್ಕ್ ಕಾಸ್ಮೋಸ್‌ಗೆ ಬಂದರು, ಸ್ಟೇಡಿಯಂ ತುಂಬಿತು. ಉಳಿದ ಮಾಲೀಕರೂ ಕಾಸ್ಮೋಸ್ ಜೊತೆ ಪೈಪೋಟಿಗೆ ಬಿದ್ದರು. ತಂಡಗಳ ಸಂಖ್ಯೆ 24ಕ್ಕೆ ಏರಿತು. ಸಂಬಳದ ಭಾರ ಹೊರಲಾರದೆ ಒಂದೊಂದೇ ಮುಚ್ಚಿದವು. 1984ರ ಸೀಸನ್ ಮುಗಿದ ಮೇಲೆ ಲೀಗೇ ನಿಂತುಹೋಯಿತು. 1994ರ ವಿಶ್ವಕಪ್ ಕೊಡುವಾಗ ಫಿಫಾ ಇಟ್ಟ ಷರತ್ತು, ಒಂದು ಹೊಸ ವೃತ್ತಿಪರ ಲೀಗ್ ಕಟ್ಟಬೇಕು ಎಂದು. ಹಳೆಯ ಗಾಯ ನೆನಪಿದ್ದವರು 1996ರಲ್ಲಿ 10 ತಂಡಗಳ ಲೀಗ್ ಶುರು ಮಾಡಿದರು. ಆಟಗಾರರ ಒಪ್ಪಂದ ತಂಡದ ಜೊತೆ ಅಲ್ಲ, ಲೀಗ್ ಜೊತೆ. ಸಂಬಳಕ್ಕೆ ಮಿತಿ. ತಂಡದ ಮಾಲೀಕರೆಲ್ಲ ಒಂದೇ ಕಂಪನಿಯ ಪಾಲುದಾರರು. ಯಾರೂ ಕೆಳಗೆ ಬೀಳುವುದಿಲ್ಲ, ಯಾರೂ ಕೆಳಗಿನಿಂದ ಮೇಲೆ ಬರುವುದೂ ಇಲ್ಲ.

ಇಷ್ಟು ಭದ್ರ ಮಾಡಿಕೊಂಡರೂ 2002ರ ಜನವರಿಯಲ್ಲಿ ಟ್ಯಾಂಪಾ ಬೇ, ಮಯಾಮಿ ಎರಡೂ ತಂಡಗಳನ್ನು ಮುಚ್ಚಬೇಕಾಯಿತು. ಆಗ ಫಿಲಿಪ್ ಆನ್ಶುಟ್ಸ್, ಲಮಾರ್ ಹಂಟ್, ರಾಬರ್ಟ್ ಕ್ರಾಫ್ಟ್ ಎಂಬ ಮೂವರು ಹೆಗಲು ಕೊಡದಿದ್ದರೆ ಲೀಗ್ ಉಳಿಯುತ್ತಿರಲಿಲ್ಲ. ನಿಮ್ಮ ಪಕ್ಕದ ಫ್ರಿಸ್ಕೋದಲ್ಲಿರುವ ಎಫ್‌ಸಿ ಡಲ್ಲಾಸ್ ಈಗಲೂ ಹಂಟ್ ಕುಟುಂಬದ್ದೇ. ಕೆಳಗೆ ಬೀಳುವ ಭಯವಿದ್ದರೆ ಅವರು ಅಷ್ಟು ನಷ್ಟ ನುಂಗಿಕೊಂಡು ಕೂರುತ್ತಿರಲಿಲ್ಲ. ಸಾಕರ್‌ಗಾಗಿಯೇ ಕಟ್ಟಿದ ಸ್ಟೇಡಿಯಂಗಳು ಬಂದಿದ್ದು, ಶುಲ್ಕವಿಲ್ಲದ ಅಕಾಡೆಮಿಗಳು ಬಂದಿದ್ದು ಈ ಭದ್ರತೆಯಿಂದಲೇ. ಮುಚ್ಚಿದ ಬಾಗಿಲು ಸಸಿಗೆ ಬೇಲಿಯಾಗಿ ಕೆಲಸ ಮಾಡಿತು. ಈಗ ಮರ ದೊಡ್ಡದಾಗಿದೆ, ಬೇಲಿ ಹಾಗೇ ಇದೆ. ನನ್ನ ತಕರಾರು ಅಲ್ಲಿ.

ಬೇಲಿ ಎಷ್ಟು ಎತ್ತರ ಎಂದು ನೋಡಿ. 2007ರಲ್ಲಿ ಟೊರಾಂಟೊ ಲೀಗ್ ಸೇರುವಾಗ ಕೊಟ್ಟ ಪ್ರವೇಶ ಹಣ 1 ಕೋಟಿ ಡಾಲರ್. ಸ್ಯಾನ್ ಡಿಯೇಗೊ ಎಫ್‌ಸಿ 2025ರಲ್ಲಿ ಆಡಲು ಶುರು ಮಾಡಿತು. ಅದಕ್ಕೆ ಬಿದ್ದಿದ್ದು 50 ಕೋಟಿ ಡಾಲರ್. ಸಿನ್ಸಿನಾಟಿ, ಸಿಯಾಟಲ್, ಪೋರ್ಟ್‌ಲ್ಯಾಂಡ್ ಕೆಳಗಿನ ಲೀಗ್‌ನಿಂದಲೇ ಬಂದವು, ನಿಜ. ಆದರೆ ಅದು ಗೆದ್ದು ಪಡೆದ ಬಡ್ತಿ ಅಲ್ಲ, ಕೊಂಡ ಟಿಕೆಟ್. ಇದರ ಮೇಲೆ ಅಮೆರಿಕದ ಸಾಕರ್ ಫೆಡರೇಷನ್‌ನ ನಿಯಮಗಳೂ ಇವೆ. ಮೊದಲ ಡಿವಿಷನ್ ಎನಿಸಿಕೊಳ್ಳಬೇಕಾದರೆ ಲೀಗ್‌ನ ಮುಕ್ಕಾಲು ಪಾಲು ತಂಡಗಳು 10 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶಗಳಲ್ಲಿರಬೇಕು. ಪ್ರತಿ ತಂಡದ ಮುಖ್ಯ ಮಾಲೀಕರ ಆಸ್ತಿ 4 ಕೋಟಿ ಡಾಲರ್ ಇರಬೇಕು. ಸ್ಟೇಡಿಯಂನಲ್ಲಿ 15,000 ಸೀಟು ಬೇಕು. ಊರಿನ ನಾಲ್ಕು ಜನ ಸೇರಿ ಕಟ್ಟಿದ ಕ್ಲಬ್ ಇದನ್ನು ದಾಟುವುದು ಎಲ್ಲಿಂದ ಬಂತು?

ಇದರ ಬೆಲೆ ತೆತ್ತ ಊರೊಂದರ ಕಥೆಯನ್ನು ನಾನು ಹೇಳದೆ ಬಿಡುವುದೇ ಇಲ್ಲ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್. 1996ರಲ್ಲಿ ಅಲ್ಲಿ ರೈನೋಸ್ ಎಂಬ ತಂಡ ಶುರುವಾಯಿತು, ಎರಡನೇ ಹಂತದ ಲೀಗ್‌ನಲ್ಲಿ. ಬೇಸ್‌ಬಾಲ್ ಮೈದಾನದಲ್ಲಿ ಆಡುತ್ತಿದ್ದರೂ ಪಂದ್ಯಕ್ಕೆ 10,000ಕ್ಕೂ ಹೆಚ್ಚು ಜನ ಬರುತ್ತಿದ್ದರು. ಎಲ್ಲ ಹಂತದ ತಂಡಗಳೂ ಆಡುವ ಯುಎಸ್ ಓಪನ್ ಕಪ್‌ನಲ್ಲಿ, 1999ರಲ್ಲಿ, ಆ ತಂಡ ಶಿಕಾಗೊ, ಡಲ್ಲಾಸ್, ಕೊಲಂಬಸ್, ಕೊನೆಗೆ ಫೈನಲ್‌ನಲ್ಲಿ ಕೊಲರಾಡೊ, ಹೀಗೆ ನಾಲ್ಕು ಎಂಎಲ್‌ಎಸ್ ತಂಡಗಳನ್ನು ಸೋಲಿಸಿ ಕಪ್ ಎತ್ತಿತು. ಅದಾದ ಮೇಲೆ ಎಂಎಲ್‌ಎಸ್ ಹೊರಗಿನ ಯಾವ ತಂಡವೂ ಆ ಕಪ್ ಗೆದ್ದಿಲ್ಲ. ಬೇರೆ ದೇಶದಲ್ಲಾಗಿದ್ದರೆ ಅಂಥ ತಂಡ ಮೇಲಿನ ಡಿವಿಷನ್‌ಗೆ ಏರಿ ಅಲ್ಲಿ ಹಣ ಕಂಡು, ಊರಿನ ಮಕ್ಕಳಿಗೆ ಅಕಾಡೆಮಿ ಕಟ್ಟುವ ದಾರಿ ತೆರೆದಿರುತ್ತಿತ್ತು. ರಾಚೆಸ್ಟರ್‌ನವರು ಕಾದರು. ಎಂಎಲ್‌ಎಸ್ ಕರೆಯಬಹುದು ಎಂಬ ಆಸೆಯಿಂದ ಹೊಸ ಸ್ಟೇಡಿಯಂ ಕೂಡ ಬಂತು, 2006ರಲ್ಲಿ. ಕರೆ ಬರಲಿಲ್ಲ. ಸಾಲ, ಮಾಲೀಕರ ಬದಲಾವಣೆ, ಪ್ರೇಕ್ಷಕರ ಇಳಿಕೆ. 2017ರ ನಂತರ ಆಟ ನಿಂತಿತು. 2022ರಲ್ಲಿ ಹೊಸ ಹೆಸರಿನಲ್ಲಿ ಎಂಎಲ್‌ಎಸ್ ನೆಕ್ಸ್ಟ್ ಪ್ರೋ ಎಂಬ ಮೂರನೇ ಹಂತದ ಲೀಗ್‌ಗೆ ಬಂತು. ಒಂದೇ ಸೀಸನ್ ಆಡಿ, 2023ರ ಮಾರ್ಚ್‌ನಲ್ಲಿ, ಬಾಗಿಲು ಹಾಕಿತು. ಕಪ್ ಗೆದ್ದ ತಂಡ, ಮುಚ್ಚಿದ ತಂಡ ಎರಡೂ ಒಂದೇ. ಅಲ್ಲಿಯ 10 ವರ್ಷದ ಹುಡುಗನಿಗೆ ತನ್ನ ಊರಿನ ಶರ್ಟು ಹಾಕಿಕೊಂಡು ಆಡುವ ಕನಸು ಎಲ್ಲಿ ಕಟ್ಟಿಕೊಳ್ಳಬೇಕು ಹೇಳಿ.

ನಿಮ್ಮ ಟೆಕ್ಸಸ್‌ನಲ್ಲೂ ಇದೇ ಮಾತು. ಅಮೆರಿಕದ ಆಟಗಾರ ರಿಕಾರ್ಡೊ ಪೆಪಿ ಎಲ್ ಪಾಸೊ ಕಡೆಯವರು. ಹದಿಮೂರರ ವಯಸ್ಸಿನಲ್ಲಿ ಎಫ್‌ಸಿ ಡಲ್ಲಾಸ್ ಅಕಾಡೆಮಿಗೆ ಬಂದರು, ಮನೆಯಿಂದ ಹೆಚ್ಚು ಕಡಿಮೆ 1,000 ಕಿ.ಮೀ. ದೂರ. 2022ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ಕ್ಲಬ್ ಅವರನ್ನು ಸುಮಾರು 2 ಕೋಟಿ ಡಾಲರ್‌ಗೆ ಕೊಂಡಿತು. ಅವರು ಊರು ಬಿಟ್ಟಾಗ ಎಲ್ ಪಾಸೊದಲ್ಲಿ ವೃತ್ತಿಪರ ಕ್ಲಬ್ ಇರಲಿಲ್ಲ. ಅಲ್ಲಿನ ಲೊಕೊಮೊಟಿವ್ ಕ್ಲಬ್ ಶುರುವಾಗಿದ್ದು 2019ರಲ್ಲಿ. ಎಂಎಲ್‌ಎಸ್‌ನ 30 ತಂಡಗಳಲ್ಲಿ ಮೂರು ಕೆನಡಾದವು. ಉಳಿದ 27 ತಂಡಗಳೇ ಇಷ್ಟು ದೊಡ್ಡ ದೇಶದ ಮಕ್ಕಳನ್ನೆಲ್ಲ ಹುಡುಕಬೇಕು. ಪೆಪಿ ಸಿಕ್ಕರು. ಸಿಗದೇ ಹೋದವರ ಲೆಕ್ಕ ಯಾರ ಹತ್ತಿರವೂ ಇಲ್ಲ.

ಈಗ ಮೊದಲ ದಾರಿಗೆ ಬರೋಣ, ಬೆಳೆಸಿದವರ ಪಾಲು. ನನ್ನ ಪ್ರಕಾರ ಪ್ರಮೋಷನ್, ರೆಲಿಗೇಷನ್‌ಗಿಂತ ಇದೇ ಮುಖ್ಯ. ಆದರೆ ಇದರ ಬಗ್ಗೆ ಮಾತಾಡುವವರು ಕಡಿಮೆ.

ಫಿಫಾ ನಿಯಮದಲ್ಲಿ, ಆಟಗಾರನೊಬ್ಬ ಹಣಕ್ಕೆ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಹೋದರೆ ಆ ಮೊತ್ತದ ಶೇ 5 ಭಾಗವನ್ನು ಅವನನ್ನು 12ರಿಂದ 23ರ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರವರೆಗಿನ ನಾಲ್ಕೂ ವರ್ಷ ಒಂದೇ ಕ್ಲಬ್‌ನಲ್ಲಿದ್ದರೆ ಆ ಕ್ಲಬ್‌ಗೆ ಒಟ್ಟು ಮೊತ್ತದ ಶೇ 1 ಸಿಗುತ್ತದೆ. 2 ಕೋಟಿ ಡಾಲರ್ ವರ್ಗಾವಣೆಯಾದರೆ 2 ಲಕ್ಷ ಡಾಲರ್. ನಿಮ್ಮ ಕ್ಲಬ್‌ನ ಮಟ್ಟದಲ್ಲಿ ಯೋಚಿಸಿ. ಆ ದುಡ್ಡಿನಲ್ಲಿ 50 ಮಕ್ಕಳನ್ನು ಒಂದು ವರ್ಷ ಪುಕ್ಕಟೆ ಆಡಿಸಬಹುದು.

ಇದನ್ನು ಅಮೆರಿಕದ ಫೆಡರೇಷನ್ ವರ್ಷಗಟ್ಟಲೆ ಜಾರಿಗೆ ತರಲಿಲ್ಲ. ಕಾನೂನಿನ ತೊಡಕು ಬರುತ್ತದೆ ಎಂಬುದು ಅವರ ವಾದವಾಗಿತ್ತು. ಕ್ಲಿಂಟ್ ಡೆಂಪ್ಸಿ ಹೆಸರು ನೀವು ಕೇಳಿರುತ್ತೀರಿ. ಅಮೆರಿಕದ ಪುರುಷರ ತಂಡಕ್ಕೆ 57 ಗೋಲು ಹೊಡೆದವರು. ಟೆಕ್ಸಸ್‌ನ ನ್ಯಾಕೊಗ್ಡೋಚಸ್ ಎಂಬ ಸಣ್ಣ ಊರಿನವರು. ಮೆಕ್ಸಿಕೊದಿಂದ ಬಂದ ಕುಟುಂಬಗಳ ಮಕ್ಕಳ ಜೊತೆ ಆಡಿ ಕಲಿತರು. ಡಲ್ಲಾಸ್ ಟೆಕ್ಸನ್ಸ್ ಕ್ಲಬ್‌ನಲ್ಲಿ ಆಡಲು ಮನೆಯವರು ಒಂದು ಕಡೆಗೇ ಮೂರು ತಾಸು ಕಾರು ಓಡಿಸುತ್ತಿದ್ದರು. 2013ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್‌ನಿಂದ ಸಿಯಾಟಲ್‌ಗೆ ಅವರು ಬಂದಾಗ ಕೈಬದಲಾದ ಹಣ ಸುಮಾರು 90 ಲಕ್ಷ ಡಾಲರ್. ತಮ್ಮ ಪಾಲು ಬರಬೇಕು ಎಂದು ಡಲ್ಲಾಸ್ ಟೆಕ್ಸನ್ಸ್ ಕೇಳಿತು. ಇನ್ನೊಬ್ಬ ಆಟಗಾರ ಡಿಆಂಡ್ರೆ ಯೆಡ್ಲಿನ್ ಅವರನ್ನು ಬೆಳೆಸಿದ ವಾಷಿಂಗ್ಟನ್ ರಾಜ್ಯದ ಕ್ರಾಸ್‌ಫೈರ್ ಕ್ಲಬ್ ಕೂಡ ಇಂಥದೇ ಜಗಳಕ್ಕೆ ಇಳಿಯಿತು. ಅದು ಫಿಫಾವರೆಗೂ ಹೋಗಿ ವರ್ಷಗಟ್ಟಲೆ ಎಳೆಯಿತು. 2019ರಲ್ಲಿ ಎಂಎಲ್‌ಎಸ್ ತನ್ನ ಅಕಾಡೆಮಿ ಹುಡುಗರು ಹೊರದೇಶಕ್ಕೆ ಹೋದರೆ ಇನ್ನು ಈ ಹಣ ಕೇಳುತ್ತೇವೆ ಎಂದು ಘೋಷಿಸಿತು. ಸರಿಯೇ. ಆದರೆ ದೇಶದ ಒಳಗೆ? ನಿಮ್ಮ ಮಗನ ಕ್ಲಬ್ ಆರು ವರ್ಷ ತಿದ್ದಿ ತೀಡಿದ ಹುಡುಗನನ್ನು ದೊಡ್ಡ ಅಕಾಡೆಮಿ ಕರೆದುಕೊಂಡು ಹೋದರೆ ಈ ಕ್ಲಬ್‌ಗೆ ಇಷ್ಟು ಕೊಡಲೇಬೇಕು ಎಂಬ ನಿಯಮವಿಲ್ಲ. ಹೀಗಾದಾಗ ಕ್ಲಬ್ ಏನು ಮಾಡುತ್ತದೆ? ಚೆನ್ನಾಗಿ ಆಡುವವನಿಗಿಂತ ಚೆನ್ನಾಗಿ ದುಡ್ಡು ಕಟ್ಟುವವರ ಕಡೆ ಕಣ್ಣು ಹೋಗುತ್ತದೆ. ಒಂದೇ ವಯಸ್ಸಿಗೆ ನಾಲ್ಕು ಐದು ತಂಡ ಮಾಡುತ್ತದೆ. ಟೂರ್ನಿ ಜಾಸ್ತಿ ಮಾಡುತ್ತದೆ. ಕೆಟ್ಟವರು ಅಂತಲ್ಲ, ಬದುಕುವ ದಾರಿ ಅದೊಂದೇ.

ಇನ್ನೊಂದು ಸಂಗತಿ ನಿಮಗೆ ಬೇಗ ಎದುರಾಗುತ್ತದೆ. ಮೇಲಿನ ಮುಚ್ಚಿದ ಬಾಗಿಲಿನ ಅಚ್ಚು ಮಕ್ಕಳ ಲೀಗ್‌ಗಳಿಗೂ ಬಂದಿದೆ. 2007ರಲ್ಲಿ ಫೆಡರೇಷನ್ ಡೆವಲಪ್‌ಮೆಂಟ್ ಅಕಾಡೆಮಿ ಎಂಬ ರಾಷ್ಟ್ರಮಟ್ಟದ ಮಕ್ಕಳ ಲೀಗ್ ಮಾಡಿತು. 2020ರ ಏಪ್ರಿಲ್‌ನಲ್ಲಿ ಅದು ಮುಚ್ಚಿತು, ಆ ಜಾಗಕ್ಕೆ ಎಂಎಲ್‌ಎಸ್ ನೆಕ್ಸ್ಟ್ ಎಂಬ ಮಕ್ಕಳ ಲೀಗ್ ಬಂತು. ಇನ್ನೊಂದು ಕಡೆ 2009ರಲ್ಲಿ ಹುಡುಗಿಯರಿಗಾಗಿ ಹುಟ್ಟಿ ಆಮೇಲೆ ಹುಡುಗರಿಗೂ ಬಂದ ಇಸಿಎನ್‌ಎಲ್ ಎಂಬ ಲೀಗ್ ಇದೆ. ಇವುಗಳಿಗೆ ಸೇರುವುದು ಅರ್ಜಿಯಿಂದ, ಆಹ್ವಾನದಿಂದ. ಸಣ್ಣ ಕ್ಲಬ್‌ನ ಮಕ್ಕಳು ಆ ಲೀಗ್‌ನ ತಂಡವನ್ನು ಟೂರ್ನಿಯಲ್ಲಿ ಹತ್ತು ಸಲ ಸೋಲಿಸಿದರೂ ಒಳಗೆ ಹೋಗುವ ಹಕ್ಕು ಬರುವುದಿಲ್ಲ. ಆಗ ಅಪ್ಪ ಅಮ್ಮಂದಿರು ಲೀಗ್‌ನ ಬ್ಯಾಡ್ಜ್ ಇರುವ ಕ್ಲಬ್‌ಗೆ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಸಣ್ಣ ಕ್ಲಬ್ ಖಾಲಿಯಾಗುತ್ತದೆ. ಬ್ಯಾಡ್ಜ್ ಇರುವ ಕ್ಲಬ್ ಶುಲ್ಕ ಏರಿಸುತ್ತದೆ.

ಬೆಂಗಳೂರಿನ ಜಿಲ್ಲಾ ಲೀಗ್ ನೋಡಿದವರಿಗೆ ಇದು ಎಷ್ಟು ವಿಚಿತ್ರ ಎಂದು ತಿಳಿಯುತ್ತದೆ. ಅಲ್ಲಿ ಬೀದಿಯ ಹುಡುಗರು ಸೇರಿ ಸಿ ಡಿವಿಷನ್‌ಗೆ ಹೆಸರು ಕೊಡಬಹುದು. ಗೆದ್ದರೆ ಬಿ, ಆಮೇಲೆ ಎ, ಆಮೇಲೆ ಸೂಪರ್ ಡಿವಿಷನ್. ದುಡ್ಡು ಕಡಿಮೆ, ಮೈದಾನ ಕಡಿಮೆ, ಆದರೆ ಏಣಿಯ ಮೆಟ್ಟಿಲುಗಳು ಕಾಣುತ್ತವೆ. ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಮಾತ್ರ 2014ರಲ್ಲಿ ಮುಚ್ಚಿದ ಲೀಗ್ ಆಗಿಯೇ ಶುರುವಾಯಿತು. ಅದರ ಕೆಳಗಿನ ಹಂತದ ಐ-ಲೀಗ್ ಗೆದ್ದು ಅದಕ್ಕೆ ಬಡ್ತಿ ಪಡೆದ ಮೊದಲ ತಂಡ ಪಂಜಾಬ್ ಎಫ್‌ಸಿ, ಅದೂ 2023ರಲ್ಲಿ. ಆ ಚರ್ಚೆ ಇನ್ನೊಮ್ಮೆ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೇ ಎದುರಾಗುವ ಉದಾಹರಣೆಯನ್ನೂ ಮುಚ್ಚಿಡಬಾರದು. ನಿಮ್ಮ ಮಗಳ ಆಟ. ಅಮೆರಿಕದ ಮಹಿಳೆಯರು 1991ರಲ್ಲಿ, 1999ರಲ್ಲಿ ವಿಶ್ವಕಪ್ ಗೆದ್ದಾಗ ಇಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಇರಲೇ ಇಲ್ಲ. ಮೊದಲನೆಯದು ಬಂದಿದ್ದು 2001ರಲ್ಲಿ, ನಿಂತಿದ್ದು 2003ರಲ್ಲಿ. ಎರಡನೆಯದು 2009ರಿಂದ 2011ರವರೆಗೆ ಆಡಿ ನಿಂತಿತು. ಈಗಿರುವ ಎನ್‌ಡಬ್ಲ್ಯುಎಸ್‌ಎಲ್ 2013ರದು. ಹಾಗಾದರೆ ಹುಡುಗಿಯರ ಆಟ ಬೆಳೆಸಿದ್ದು ಯಾವುದು? 1972ರ ಟೈಟಲ್ ನೈನ್ ಕಾನೂನು. ಸರ್ಕಾರದ ಹಣ ಪಡೆಯುವ ಶಾಲೆ, ಕಾಲೇಜುಗಳು ಹುಡುಗಿಯರಿಗೂ ಸಮಾನ ಅವಕಾಶ ಕೊಡಬೇಕು ಎಂದಿತು. ಕಾಲೇಜುಗಳು ಸಾಕರ್ ತಂಡ ಕಟ್ಟಿದವು, ವಿದ್ಯಾರ್ಥಿವೇತನ ಕೊಟ್ಟವು. ಆ ವಿದ್ಯಾರ್ಥಿವೇತನದ ಆಸೆ ಊರೂರಿನಲ್ಲಿ ಹುಡುಗಿಯರ ತಂಡಗಳನ್ನು ಹುಟ್ಟಿಸಿತು. ಲೀಗ್ ಇಲ್ಲದೆಯೂ ತಳಮಟ್ಟ ಬೆಳೆಯುತ್ತದೆ ಎಂದಾಯಿತು. ಆದರೆ ಗಮನಿಸಿ, ಅಲ್ಲೂ ಒಂದು ಏಣಿ ಇತ್ತು. ಊರಿನ ಮೈದಾನದಿಂದ ಕಾಲೇಜಿಗೆ ಹೋಗುವ ಏಣಿ. ವೃತ್ತಿಪರ ಲೀಗೇ ಆಗಬೇಕೆಂದಿಲ್ಲ, ಕೆಳಗಿನವರಿಗೆ ಕಾಣುವ ಹಾಗೆ ಒಂದು ದಾರಿ ಬೇಕು. ಅದರ ಬೆಲೆ ಮಾತ್ರ ಇಲ್ಲೂ ಮನೆಯವರ ಜೇಬಿನಿಂದಲೇ ಹೋಗುತ್ತಿತ್ತು.

ಬಾಗಿಲು ತೆರೆದರೆ ಏನಾಗಬಹುದು ಎನ್ನುವುದಕ್ಕೆ ನಾನು ಯುರೋಪಿನ ಕಡೆ ನೋಡುವುದಿಲ್ಲ. ಅಲ್ಲಿ ನೂರು ವರ್ಷದ ಅಭ್ಯಾಸ ಇದೆ. ಜಪಾನ್ ನೋಡಿ. ಜೆ ಲೀಗ್ ಶುರುವಾಗಿದ್ದು 1993ರಲ್ಲಿ, ಎಂಎಲ್‌ಎಸ್‌ಗಿಂತ ಮೂರೇ ವರ್ಷ ಮೊದಲು. ಅದೂ 10 ತಂಡಗಳ ಮುಚ್ಚಿದ ಲೀಗೇ. ಆದರೆ ಮೊದಲ ದಿನದಿಂದಲೇ ಕ್ಲಬ್ ಎಂದರೆ ಕಂಪನಿಯದ್ದಲ್ಲ, ಊರಿನದು ಎಂದು ಪಟ್ಟು ಹಿಡಿದರು. 1999ರಲ್ಲಿ ಎರಡನೇ ಡಿವಿಷನ್ ಮಾಡಿ ಬಡ್ತಿ, ಹಿಂಬಡ್ತಿ ತಂದರು. 2014ರಲ್ಲಿ ಮೂರನೆಯದು. ಈಗ ಮೂರೂ ಸೇರಿ 60 ಕ್ಲಬ್‌ಗಳು. ಟೋಕಿಯೊ ಪಕ್ಕದ ಮಚಿದಾದಲ್ಲಿ 1977ರಲ್ಲಿ ಪ್ರಾಥಮಿಕ ಶಾಲೆ ಮಕ್ಕಳಿಗಾಗಿ ಒಂದು ತಂಡ ಕಟ್ಟಿದ್ದರು. ಮಕ್ಕಳು ದೊಡ್ಡವರಾದರು, 1989ರಲ್ಲಿ ಹಿರಿಯರ ತಂಡವಾಯಿತು. ಡಿವಿಷನ್ ಮೇಲೆ ಡಿವಿಷನ್ ಏರಿ 2024ರಲ್ಲಿ ಮಚಿದಾ ಝೆಲ್ವಿಯಾ ಜಪಾನಿನ ಮೇಲಿನ ಲೀಗ್‌ಗೆ ಬಂತು. ಮೊದಲ ವರ್ಷವೇ ಮೂರನೇ ಸ್ಥಾನ. ಕೊನೆಯ ಕೆಲವು ಮೆಟ್ಟಿಲುಗಳಿಗೆ ದೊಡ್ಡ ಕಂಪನಿಯ ಹಣವೂ ಬೇಕಾಯಿತು, ಅದನ್ನು ಮರೆಮಾಚುವುದಿಲ್ಲ. ಆದರೆ ಆ ಕಂಪನಿ ಬಂದಿದ್ದೇಕೆ? ಏಣಿ ಇತ್ತು ಎಂದು. ಚಿಕ್ಕ ಮಕ್ಕಳ ತಂಡವೊಂದು ದೇಶದ ಮೇಲಿನ ಲೀಗ್‌ನಲ್ಲಿ ನಿಲ್ಲುವುದು ಅಮೆರಿಕದಲ್ಲಿ ಇವತ್ತಿನ ನಿಯಮದಲ್ಲಿ ಸಾಧ್ಯವೇ ಇಲ್ಲ.

ಹಾಗೆಂದು ನಾಳೆ ಬೆಳಿಗ್ಗೆ ಪ್ರಮೋಷನ್, ರೆಲಿಗೇಷನ್ ತಂದರೆ ನಿಮ್ಮ ಶುಲ್ಕ ಇಳಿಯುವುದಿಲ್ಲ. ಬೆಳೆಸಿದವರಿಗೆ ಪಾಲು ಕೊಡದೆ ಬಾಗಿಲು ಮಾತ್ರ ತೆರೆದರೆ ಶ್ರೀಮಂತ ಮಾಲೀಕರು ಹೊರಗಿನ ಆಟಗಾರರನ್ನು ಕೊಂಡು ಏರುತ್ತಾರೆ, ಅಷ್ಟೇ. ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬಡ್ತಿ, ಹಿಂಬಡ್ತಿ ಹಿರಿಯರ ಲೀಗ್‌ಗೆ ಬೇಕು, 11 ವರ್ಷದ ಮಕ್ಕಳಿಗೆ ಬೇಡ. ಎಷ್ಟೋ ಕಡೆ ಮಕ್ಕಳ ಲೀಗ್‌ಗಳಲ್ಲೇ ಅದಿದೆ. ಅಲ್ಲಿ ಕೋಚ್‌ಗಳು ಸೋಲಿಗೆ ಹೆದರಿ ಸಣ್ಣ ಮೈಕಟ್ಟಿನ ಹುಡುಗರನ್ನು ಬೆಂಚಿನಲ್ಲಿ ಕೂರಿಸುವುದನ್ನು ವಾರವಾರ ನೋಡಿದ್ದೇನೆ.

ಏನಾದರೂ ಬದಲಾಗುತ್ತಿದೆಯೇ ಎಂದರೆ, ಹೌದು. ಎರಡನೇ ಹಂತದಿಂದ ಕೆಳಗೆ ಹಲವು ಲೀಗ್‌ಗಳನ್ನು ನಡೆಸುವ ಯುಎಸ್‌ಎಲ್ ತಾನೂ ಒಂದು ಮೊದಲ ಡಿವಿಷನ್ ಲೀಗ್ ತರುವುದಾಗಿ 2025ರ ಫೆಬ್ರವರಿಯಲ್ಲಿ ಹೇಳಿತು. ಆಗ ಇಟ್ಟ ಗುರಿ 2027-28. ಮರು ತಿಂಗಳೇ ಅದರ ಮಾಲೀಕರು ಬಡ್ತಿ, ಹಿಂಬಡ್ತಿಗೆ ಒಪ್ಪಿ ಮತ ಹಾಕಿದರು. ಅಮೆರಿಕದ ವೃತ್ತಿಪರ ಕ್ರೀಡೆಯಲ್ಲಿ ಇಂಥ ನಿರ್ಧಾರ ದೊಡ್ಡದು. ಡೆಟ್ರಾಯಿಟ್ ಸಿಟಿ ಎಫ್‌ಸಿಯಂಥ ಕ್ಲಬ್‌ಗಳಿಗೆ ಇದರ ಅರ್ಥ ಬೇರೆಯೇ. ಬಡಾವಣೆಗಳ ನಡುವಿನ ಹವ್ಯಾಸಿ ಲೀಗ್ ನಡೆಸುತ್ತಿದ್ದ ಐದು ಗೆಳೆಯರು 2012ರಲ್ಲಿ ಕಟ್ಟಿದ ತಂಡ ಅದು. ಹ್ಯಾಮ್‌ಟ್ರ್ಯಾಮ್ಕ್‌ನ ಹಳೆಯ ಕೀವರ್ತ್ ಸ್ಟೇಡಿಯಂ ರಿಪೇರಿಗೆ ಅಭಿಮಾನಿಗಳೇ 7 ಲಕ್ಷ ಡಾಲರ್‌ಗೂ ಹೆಚ್ಚು ಹಾಕಿದರು. 2022ರ ಓಪನ್ ಕಪ್‌ನಲ್ಲಿ ಅದೇ ಮೈದಾನದಲ್ಲಿ ಎಂಎಲ್‌ಎಸ್‌ನ ಕೊಲಂಬಸ್ ತಂಡವನ್ನು 2-1ರಿಂದ ಸೋಲಿಸಿದರು. ಅಂಥ ಗೆಲುವು ಇಷ್ಟು ದಿನ ಒಂದು ರಾತ್ರಿಯ ಹಬ್ಬವಾಗಿ ಮುಗಿಯುತ್ತಿತ್ತು. ಆ ಓಪನ್ ಕಪ್‌ನಿಂದಲೂ 2023ರ ಕೊನೆಯಲ್ಲಿ ಎಂಎಲ್‌ಎಸ್ ತನ್ನ ಮುಖ್ಯ ತಂಡಗಳನ್ನು ಹಿಂದಕ್ಕೆ ತೆಗೆಯಲು ನೋಡಿತು. ಜಗಳವಾಗಿ, 2024ರಲ್ಲಿ ಎಂಟು ಮುಖ್ಯ ತಂಡಗಳು ಮಾತ್ರ ಆಡಿದವು. ಹವ್ಯಾಸಿ ತಂಡವೂ ಗೆಲ್ಲುತ್ತ ಹೋದರೆ ದೊಡ್ಡವರ ಎದುರು ನಿಲ್ಲಬಹುದಾದ, 1914ರಿಂದ ನಡೆದು ಬಂದ ಟೂರ್ನಿ ಅದು. ಅದಕ್ಕೆ ಕೈ ಹಾಕಿದ್ದು ನನಗೆ ಸ್ವಲ್ಪವೂ ಸರಿಬರಲಿಲ್ಲ.

ಇನ್ನು ನಿಮ್ಮ ಮನೆಯ ಮಾತು. ಮಗ ಈಗಿರುವ ಕ್ಲಬ್‌ನಲ್ಲಿ ಮೂರು ವಿಷಯ ಕೇಳಿ. ಹಿಂದಿನ ವರ್ಷ ಎಷ್ಟು ಮಕ್ಕಳಿಗೆ ಶುಲ್ಕ ವಿನಾಯಿತಿ ಕೊಟ್ಟಿರಿ? ಎಷ್ಟು ಟೂರ್ನಿಗಳಿಗೆ ರಾತ್ರಿ ಉಳಿಯಬೇಕಾಗುತ್ತದೆ? ಪ್ರತಿ ಹುಡುಗನಿಗೆ ಪಂದ್ಯದಲ್ಲಿ ಅರ್ಧ ಹೊತ್ತಾದರೂ ಆಟ ಸಿಗುತ್ತದೆಯೇ? 11ರ ವಯಸ್ಸಿಗೆ ಒಂದು ತಾಸಿನೊಳಗೆ ಹೋಗಿ ಬರುವ ಪಂದ್ಯಗಳು ಸಾಕು, ದೂರದ ಓಡಾಟದಿಂದ ಆಟ ಸುಧಾರಿಸುವುದಿಲ್ಲ. ಶರ್ಟಿನ ಮೇಲೆ ಎಂಎಲ್‌ಎಸ್ ಕ್ಲಬ್‌ನ ಲಾಂಛನ ಕಂಡ ಮಾತ್ರಕ್ಕೆ ಅದು ಶುಲ್ಕವಿಲ್ಲದ ಅಕಾಡೆಮಿ ಅಂದುಕೊಳ್ಳಬೇಡಿ. ಅದೇ ಹೆಸರಿನಲ್ಲಿ ಶುಲ್ಕ ಕಟ್ಟಿ ಆಡುವ ತಂಡಗಳೂ ಇರುತ್ತವೆ. ನಿಜವಾದ ಅಕಾಡೆಮಿಗೆ ಮಗ ಬೇಕಾದರೆ ಅವರೇ ಬಂದು ನೋಡುತ್ತಾರೆ. ಭಾನುವಾರ ಪಾರ್ಕಿನಲ್ಲಿ ಲ್ಯಾಟಿನೊ ಕುಟುಂಬಗಳು ಆಡುವ ಕಡೆಗೂ ಅವನನ್ನು ಕರೆದುಕೊಂಡು ಹೋಗಿ. ಅಲ್ಲಿ ಕಲಿಯುವುದು ದುಡ್ಡು ಕೊಟ್ಟ ಕಡೆ ಸಿಗುವುದಿಲ್ಲ.

ಮಗಳಿಗೆ 8. ಅವಳನ್ನು ಸುಮ್ನೆ ಊರಿನ ರಿಕ್ರಿಯೇಷನ್ ಲೀಗ್‌ನಲ್ಲಿ ಬಿಡಿ, ಟ್ರೈಔಟ್ ಎಂಬ ಆಯ್ಕೆ ಪರೀಕ್ಷೆಯ ಗೊಡವೆ ಇನ್ನೂ ಎರಡು ಮೂರು ವರ್ಷ ಬೇಡ. ಡಲ್ಲಾಸ್‌ನಲ್ಲಿ 2024ರಿಂದ ಟ್ರಿನಿಟಿ ಎಫ್‌ಸಿ ಎಂಬ ಮಹಿಳೆಯರ ವೃತ್ತಿಪರ ತಂಡ ಕಾಟನ್ ಬೌಲ್‌ನಲ್ಲಿ ಆಡುತ್ತಿದೆ. ಇಬ್ಬರನ್ನೂ ಒಮ್ಮೆ ಕರೆದುಕೊಂಡು ಹೋಗಿ, ಮೈದಾನಕ್ಕೆ ಹತ್ತಿರದ ಸಾಲಿನಲ್ಲಿ ಕೂರಿ.

ಕೊನೆಯದಾಗಿ, 4,000 ಡಾಲರ್ ಭಾರ ಎನಿಸಿದರೆ ಸಂಕೋಚ ಬೇಡ. ಹೆಚ್ಚಿನ ಕ್ಲಬ್‌ಗಳಲ್ಲಿ ಶುಲ್ಕ ವಿನಾಯಿತಿಯ ಅರ್ಜಿ ಇರುತ್ತದೆ, ಕಂತಿನ ಏರ್ಪಾಡೂ ಇರುತ್ತದೆ. ವೆಬ್‌ಸೈಟಿನ ಮೂಲೆಯಲ್ಲಿ ಇರುವುದರಿಂದ ಯಾರಿಗೂ ಕಾಣುವುದಿಲ್ಲ. ಬಹಳ ಕಡೆ ಟ್ರೈಔಟ್ ಮುಗಿದ ವಾರ ಎರಡು ವಾರದಲ್ಲೇ ಅದರ ಗಡುವು ತೀರಿಹೋಗುತ್ತದೆ. ತಂಡದ ಮ್ಯಾನೇಜರ್‌ಗೆ ಈಗಲೇ ಇಮೇಲ್ ಹಾಕಿ ಕೊನೆಯ ದಿನ ಯಾವುದು ಎಂದು ತಿಳಿದುಕೊಳ್ಳಿ. ನಿಮಗೆ ಬೇಕಾಗದಿದ್ದರೂ ತಂಡದ ಉಳಿದ ಅಪ್ಪ ಅಮ್ಮಂದಿರಿಗೆ ಹೇಳಿ. ಪಾರ್ಕಿಂಗ್ ಜಾಗದಲ್ಲಿ ನನ್ನ ಹತ್ತಿರ ಬಂದಿದ್ದ ಆ ತಾಯಿಗೆ ವಿನಾಯಿತಿಯ ಅರ್ಜಿಯ ಬಗ್ಗೆ ಯಾರೂ ಹೇಳಿರಲಿಲ್ಲ. ಆಗ ನನಗೂ ಗೊತ್ತಿರಲಿಲ್ಲ.